ಗಿರಾಕಿಗಂಟೆ

ಮೇಲ್ಮಹಡಿಯವರ ಸಂಭ್ರಮಕ್ಕೆ ಸುಂಕ ತೆತ್ತವರು ಕೆಳಗಿನ ಎಂಟು ಎಳೆಗೂಸುಗಳು ಮತ್ತು ಅವನ್ನು ಮಲಗಿಸುವ ಶಾರದಕ್ಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನನ್ನ ಮನಸ್ಸು ಮೆತ್ತಗಾಗಲಿದೆ.

ಸಂಗತಿ ಒಂದು ಹಿತ್ತಾಳೆಯ ಗಂಟೆಯದು. ಹಾಸನದ ನಮ್ಮ ಬೀದಿಯ ಕಟ್ಟಡವೊಂದರಲ್ಲಿ ಕೆಳಗೆ, ದುಡಿಯುವ ತಾಯಂದಿರ ಕೂಸುಗಳಿಗಾಗಿ ಶಾರದಕ್ಕ ನಡೆಸುವ ಬೇಬಿ ಸಿಟ್ಟಿಂಗ್. ಮೇಲೆ ನಾಲ್ವರು ತರುಣ ನವೋದ್ಯಮಿಗಳ ಕಚೇರಿ. ರೈತರಿಗೆ ಮೊಬೈಲಿನಲ್ಲೇ ಬಾಡಿಗೆ ಟ್ರ್ಯಾಕ್ಟರ್ ಗೊತ್ತುಮಾಡಿಕೊಡುವ ಆ್ಯಪ್ ಅವರದು. ಹೊಸ ಗಿರಾಕಿ ಸೇರಿದೊಡನೆ ಗಂಟೆ ಬಾರಿಸುವುದು ಸ್ಟಾರ್ಟಪ್ ಕುಲದ ಸಂಪ್ರದಾಯವಂತೆ, ದೇವರಿಲ್ಲದ ಗುಡಿಯ ಮಹಾಮಂಗಳಾರತಿ. ಅರಕಲಗೂಡಿನಲ್ಲೊಬ್ಬರು ಟ್ರ್ಯಾಕ್ಟರ್ ಬಯಸಿದರೆ ಇಲ್ಲಿ ತೊಟ್ಟಿಲುಗಳಲ್ಲಿ ಆರ್ತನಾದ. ಮಧ್ಯಾಹ್ನ ನಿದ್ದೆಗೆಟ್ಟ ಕೂಸು ಸಂಜೆ ತಾಯಿಯ ತೋಳಲ್ಲಿ ರಚ್ಚೆ ಹಿಡಿಯುತ್ತದೆ; ದಣಿದು ಬಂದ ತಾಯಂದಿರು ಬೇರೆಡೆ ಸೇರಿಸುವ ಮಾತನ್ನೂ ಆಡತೊಡಗಿದ್ದರು.

ಅನ್ಯಾಯ ಕಂಡಲ್ಲಿ ಮನವಿಪತ್ರ ಬರೆಯುವುದು ನನ್ನ ವ್ಯಸನ. ‘ನಿದ್ರೆಯೂ ನಾಗರಿಕ ಹಕ್ಕು’ ಎಂಬ ಘನವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಶಾರದಕ್ಕನೊಡನೆ ಮೆಟ್ಟಿಲೇರಿದೆ. ಅದನ್ನು ಉಚ್ಚರಿಸುವ ಮೊದಲೇ ಆಕೆ, “ಏನ್ರಪ್ಪಾ, ನಿಮ್ಗೊಬ್ಬ ಗಿರಾಕಿ ಬಂದ್ರೆ ನಂಗೆ ಎಂಟ್ ಜನ ಎದ್ದು ಕೂತ್ಕತ್ತಾರಲ್ಲ!” ಎಂದರು.

ತಂಡದ ಮುಖ್ಯಸ್ಥ, ಹಳ್ಳಿಮೈಸೂರಿನ ಚಂದನ್, ಕಿವಿಯವರೆಗೂ ಕೆಂಪಾದರು. “ತಪ್ಪಾಯ್ತು ಕಣಕ್ಕಾ, ಕೆಳೀಕೆ ಕೇಳ್ತದೆ ಅಂತ ಗೊತ್ತಿರ್ನಿಲ್ಲ,” ಎಂದು ಗಂಟೆ ಕಳಚಿ ಮೇಜಿನಡಿ ಇಟ್ಟರು.

ನನ್ನ ವಾಕ್ಯ ವ್ಯರ್ಥವಾದರೂ ಹೋರಾಟ ಗೆದ್ದಿತೆಂದುಕೊಂಡೆ. ಆದರೆ ಕೆಲವೇ ದಿನಗಳಲ್ಲಿ ಶಾರದಕ್ಕನೇ ಸೂರು ನೋಡತೊಡಗಿದರು. “ಸದ್ದೇ ಇಲ್ವಲ್ಲ ಮೇಡಂ, ಮ್ಯಾಲಿನ ಐಕ್ಳು ಯಾಪಾರ ನಿಂತೋಯ್ತಾ? ಉಂಡವೋ ಇಲ್ವೋ.”

ಮತ್ತೆ ಮೆಟ್ಟಿಲೇರಿದೆವು. ಗಾಜಿನ ಬಾಗಿಲಾಚೆ ನಾಲ್ವರೂ ಎದ್ದುನಿಂತು, ತುಟಿ ಬಿಗಿಹಿಡಿದು, ಮೇಲೆತ್ತಿದ ಕೈಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದರು. ಚನ್ನರಾಯಪಟ್ಟಣದ ಗಿರಾಕಿಯೊಬ್ಬರು ಆಗಷ್ಟೇ ಸೇರಿದ್ದರಂತೆ; ಗಂಟೆಯ ಬದಲು ಈ ಸದ್ದಿಲ್ಲದ ಚಪ್ಪಾಳೆ. ಶಾರದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ನನಗೆ ನಗಲಾಗಲಿಲ್ಲ. ಮದುವೆಮನೆಗಳಲ್ಲಿ ‘ಯಾವ ಕಂಪನಿ?’ ಎಂದು ಕೇಳಿದರೆ ತಡವರಿಸುವ ಈ ಮಂದಿಯ ಬೆನ್ನು ತಟ್ಟಲು ಆ ಗಂಟೆಯೊಂದೇ ಇತ್ತಲ್ಲವೇ? ನಾನು ಬೇಡಿದ್ದು ನಿದ್ದೆಯನ್ನು, ಕಸಿದದ್ದು ಹಬ್ಬವನ್ನು. ಕೆಳಗಿನವರಿಗೆ ನಿಶ್ಶಬ್ದವನ್ನೂ ಮೇಲಿನವರಿಗೆ ಸ್ವಾತಂತ್ರ್ಯವನ್ನೂ ಕೊಡುವುದಾಗಿ ಮಾತುಕೊಟ್ಟು, ನಡುವೆ ತೆಳ್ಳನೆಯ ಸೂರನ್ನಷ್ಟೇ ಇಟ್ಟ ಕಟ್ಟಡದ ಮಾಲೀಕರೂ ಈ ಪಾಪದಲ್ಲಿ ಪಾಲುದಾರರು.

ಆದ್ದರಿಂದ ಮಾಲೀಕರೇ, ಮೆಟ್ಟಿಲ ಬುಡದ ಗೋಡೆಗೆ ಗಟ್ಟಿ ಕೊಕ್ಕೆಯೊಂದನ್ನು ಹೊಡೆಸಿ. ಚಂದನ್, ಗಂಟೆಯನ್ನು ಅಲ್ಲಿ ತೂಗುಹಾಕಿ, ಕೂಸುಗಳೆದ್ದು ಹಾಲು ಕುಡಿದ ಮೇಲೆ, ಸಂಜೆ ನಾಲ್ಕಕ್ಕೆ, ಆ ದಿನದ ಗಿರಾಕಿಗಳಿಗೆಲ್ಲ ಒಟ್ಟಿಗೇ ಬಾರಿಸಿ. ಹಗ್ಗ ಮಾತ್ರ ಉದ್ದವಿರಲಿ: ಶಾರದಕ್ಕನ ಸೊಂಟದ ಮೇಲೆ ಕೂತ ಕೂಸಿಗೂ ಎಟುಕಬೇಕು.