ಮೇಡಂ ಹೊತ್ತುಕೊಂಡ ಮೆಟ್ಟಿಲು

ತನ್ನ ತಪ್ಪನ್ನು ಇನ್ನೊಬ್ಬರು ಹೊತ್ತುಕೊಂಡರೆ ಯಾರಿಗಾದರೂ ಹೊಟ್ಟೆ ತಣ್ಣಗಾಗಬೇಕು. ಮೇಸ್ತ್ರಿಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ ವಿಷಯ ಎತ್ತಿದರೆ ಸಾಕು, ಉಣ್ಣುತ್ತಿದ್ದ ತಟ್ಟೆ ದೂಡಿ ಎದ್ದುಬಿಡುತ್ತಾರೆ.

ಮೂವತ್ತು ವರ್ಷದಿಂದ ಹೆಸರು ಮಾಡಿದ್ದ ಆರ್ಕಿಟೆಕ್ಟ್ ಕಚೇರಿ ಅದು. ಅದರ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರ ನಕ್ಷೆ ಹಿಡಿದು ಮೇಸ್ತ್ರಿ ಹದಿನಾಲ್ಕು ಮನೆ ಕಟ್ಟಿದ ಮೇಲೆ, ಪಾಲುದಾರರಾಗಿ ಬನ್ನಿ ಎಂದು ಆಕೆಯೇ ಕರೆದರು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ ಮೇಸ್ತ್ರಿಯ ಕಾಲು ಒಂದು ವಾರ ನೆಲದ ಮೇಲೆ ನಿಲ್ಲಲಿಲ್ಲ. ಸೋಮವಾರ ಪಾಲುದಾರಿಕೆ ಪತ್ರಕ್ಕೆ ಸಹಿ ಬೀಳುವವರೆಗೆ ಯಾರ ಮೇಲೂ ರೇಗಕೂಡದು ಎಂದು ಹೆಂಡತಿ ಆಣೆ ಮಾಡಿಸಿಕೊಂಡಳು.

ಶನಿವಾರ ಹದಿನೈದನೆಯ ಮನೆಯಲ್ಲಿ ನೆಲಕ್ಕೆ ಕಲ್ಲು ಹಾಸಿ ಮುಗಿದಿತ್ತು. ನೋಡಲು ಬಂದ ಯಜಮಾನ ಮಹಡಿ ಮೆಟ್ಟಿಲಿನ ಬುಡದಲ್ಲೇ ಮುಗ್ಗರಿಸಿದ. ಟೇಪು ಹಿಡಿದರೆ, ಮೊದಲ ಮೆಟ್ಟಿಲು ಉಳಿದವಕ್ಕಿಂತ ಎರಡು ಇಂಚು ಗಿಡ್ಡ! ತಪ್ಪು ತಮ್ಮದೇ ಎಂದು ಮೇಸ್ತ್ರಿಗೆ ಹೊಳೆಯಿತು. ಮೆಟ್ಟಿಲು ಕಟ್ಟುವಾಗ ಬರಿ ಕಾಂಕ್ರೀಟ್ ನೆಲದಿಂದ ಅಳತೆ ಹಿಡಿದಿದ್ದರು. ಹಾಸಿದ ಕಲ್ಲಿನ ಮೇಲಿನಿಂದ ಹಿಡಿಯಬೇಕೆಂದು ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ಗೆರೆ ನೋಡಿ, ಅಕ್ಷರ ಬಿಡುವುದು ಅವರ ಹಳೇ ಚಾಳಿ.

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಅಲ್ಲೇ ಇದ್ದ ಮೇಡಂ ಮುಂದೆ ಬಂದು, ತಪ್ಪು ನಕ್ಷೆಯದೇ, ಮೇಸ್ತ್ರಿ ಸರಿಮಾಡಿಕೊಡುತ್ತಾರೆ ಎಂದುಬಿಟ್ಟರು. ಯಜಮಾನ ಆಕೆಗೆ ಬಾಯಿಗೆ ಬಂದಂತೆ ಅಂದ. ಆಕೆ ತಲೆಯಾಡಿಸುತ್ತಾ ನಿಂತರು.

ಸೋಮವಾರ ಮೇಸ್ತ್ರಿ ಆಣೆಯನ್ನು ಗಾಳಿಗೆ ತೂರಿ ಕಚೇರಿಗೆ ನುಗ್ಗಿದರು.

"ನನಗೇನು ನಾಲಿಗೆ ಬಿದ್ದುಹೋಗಿತ್ತಾ ಮೇಡಂ? ನಿಮ್ಮ ಪಾಲುದಾರಿಕೆ ನೀವೇ ಇಟ್ಕೊಳ್ಳಿ."

ಮೇಡಂ ಕನ್ನಡಕ ಏರಿಸಿ ಕಾಗದ ಮುಂದೆ ತಳ್ಳಿದರು. "ಮೊದಲು ಸಹಿ ಹಾಕಿ, ಆಮೇಲೆ ಬೈಯಿರಿ. ಹೊರಗಿನವರ ಹತ್ರ ಎಷ್ಟೂಂತ ಬೈಸ್ಕೊಳ್ಳಲಿ?"

ಮೇಸ್ತ್ರಿಗೆ ನಗು ಬಂತು. ಸಿಟ್ಟೂ ಇಳಿಯಲಿಲ್ಲ. ಸಹಿ ಸೊಟ್ಟಗೆ ಬಿತ್ತು.

ಇಡೀ ಮೆಟ್ಟಿಲನ್ನು ಒಡೆದು ತಮ್ಮ ಕೈಯಿಂದಲೇ ಮತ್ತೆ ಕಟ್ಟಿದರು. ಇವತ್ತು ನಿಜ ಹೇಳಿಬಿಡೋಣ ಎಂದುಕೊಂಡೇ ದಿನಾ ಹೋಗುತ್ತಿದ್ದರು. ಯಜಮಾನ ಚಹಾ ಕೊಟ್ಟು, "ಓದಿದವರ ತಪ್ಪನ್ನ ನೀವು ತಿದ್ದಿದ್ರಿ ನೋಡಿ" ಎಂದು ಬೆನ್ನು ತಟ್ಟುತ್ತಿದ್ದ. ಮೇಸ್ತ್ರಿ ಲೋಟ ಕೆಳಗಿಟ್ಟು ಮತ್ತೆ ಕರಣೆ ಹಿಡಿಯುತ್ತಿದ್ದರು. ಮನೆ ಮುಗಿದ ಮೇಲೂ ಮೂರು ಸಲ ಹೋಗಿ, ಕಿಟಕಿ ಬಾಗಿಲು ನೋಡಿ, ನಿಜ ಹೇಳದೆಯೇ ಬಂದರು. ನಾಲ್ಕನೆಯ ಸಲ ಬಾಗಿಲು ತೆಗೆದದ್ದು ಯಾರೋ ಹೆಂಗಸು. ಮನೆ ಕೊಂಡು ತಿಂಗಳಾಯಿತು, ಹಳಬರು ಎಲ್ಲಿಗೆ ಹೋದರೋ ತಿಳಿಯದು ಎಂದಳು.