ಬಿಸಿಲಿಗೆ ಹೊರಟ ಹಾಸಿಗೆ

ಹಾಸಿಗೆ ಅಂಗಡಿಯ ಯಜಮಾನರು ಬಿಸಿಲನ್ನು ಸಂಬಳ ಕೇಳದ ಆಳು ಎಂದೇ ತಿಳಿದಿದ್ದರು. ಬೆಳಗ್ಗೆ ಎದ್ದವರು ಕಿಟಕಿಯಿಂದ ಕತ್ತು ಹೊರಚಾಚುತ್ತಿದ್ದರು. ಮೋಡವಿದ್ದರೆ ಮುಖ ಸೊಟ್ಟಗಾಗುತ್ತಿತ್ತು. ಬಿಸಿಲು ಚುರುಗುಟ್ಟುತ್ತಿದ್ದರೆ, ಕೆಲಸಕ್ಕೆ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಬಾರದು ಎನ್ನುವಂತೆ ಹೆಂಡತಿಯನ್ನು ಕೂಗುತ್ತಿದ್ದರು. ಅಲ್ಲಿಗೆ ಹತ್ತಿಯ ಮೂಟೆಗಳು ತಾರಸಿ ಏರುತ್ತಿದ್ದವು. ಆಕೆ ತಲೆಗೊಂದು ಬಟ್ಟೆ ಸುತ್ತಿ, ಕೋಲು ಹಿಡಿದು, ಸಂಜೆಯವರೆಗೆ ಹತ್ತಿಯ ಮಗ್ಗುಲು ಬದಲಿಸುತ್ತಿದ್ದರು. ಮೋಡದ ದಿನ ಕೆಳಗೆ ಕೂತು ಗವಸು ಹೊಲಿಯುವುದು, ಬಿಸಿಲಿನ ದಿನ ಮೇಲೆ ನಿಂತು ಹತ್ತಿ ತಿರುವುವುದು. ಮದುವೆಯಾದಂದಿನಿಂದ ಆಕೆಗೆ ಗೊತ್ತಿದ್ದ ಋತುಗಳು ಇವೆರಡೇ.

ಅಂಥ ಆಕೆ ಒಂದು ಮಧ್ಯಾಹ್ನ ದಬ್ಬಳಕ್ಕೆ ದಾರ ಪೋಣಿಸುತ್ತಲೇ, ತಾನು ಸಮುದ್ರದಾಚೆಯ ದ್ವೀಪಕ್ಕೆ ಹೋಗಬೇಕು ಎಂದರು. ಅಲ್ಲೇನಿದೆ ಎಂದು ಯಜಮಾನರು ಕೇಳಿದರು. ಬಿಸಿಲಿದೆ ಎಂದರು ಆಕೆ. ಯಜಮಾನರಿಗೆ ನಗು ಬಂತು. ನಮ್ಮ ತಲೆಯ ಮೇಲೆ ಪುಕ್ಕಟೆಯಾಗಿ ಬೀಳುವುದನ್ನು ನೋಡಲು ದೋಣಿ ಹತ್ತಬೇಕೇ?

"ಅಲ್ಲಿ ಜನ ಬಿಸಿಲಲ್ಲಿ ಸುಮ್ಮನೆ ಕೂರ್ತಾರಂತೆ ರೀ. ಏನೂ ತಿರುವಿ ಹಾಕೋದಿಲ್ವಂತೆ. ನನಗೂ ಒಂದ್ಸಲ ಹಾಗೆ ಕೂರಬೇಕು."

ವ್ಯಾಪಾರಿಯಾದವನಿಗೆ ದನಿಗಳು ಗೊತ್ತಿರುತ್ತವೆ. ಕೊಳ್ಳುವೆನೋ ಬಿಡುವೆನೋ ಎನ್ನುವ ದನಿ ಒಂದು. ಬೆಲೆಯನ್ನೇ ಕೇಳದೆ ಕಟ್ಟಿಕೊಡಿ ಎನ್ನುವ ದನಿ ಇನ್ನೊಂದು. ಇದು ಎರಡನೆಯದು. ಯಜಮಾನರು ಒಪ್ಪಿದರು. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಅಲ್ಲಿಂದಲೇ ದೋಣಿಯ ಟಿಕೆಟ್ಟು ತೆಗೆಸಿ, ಸಮುದ್ರಕ್ಕೆ ಮುಖ ಮಾಡಿದ ಒಂದು ಲಾಡ್ಜಿನಲ್ಲಿ ಕೋಣೆಯನ್ನೂ ಗೊತ್ತುಮಾಡಿದಳು.

ಉಳಿದದ್ದು ಒಂದೇ ತೊಡಕು. ಯಜಮಾನರಿಗೆ ಪರರ ಹಾಸಿಗೆಯ ಮೇಲೆ ನಿದ್ದೆ ಹತ್ತುವುದಿಲ್ಲ. ನೆಂಟರ ಮನೆಯಲ್ಲಿ ಮಲಗಿದರೆ, ಬೆನ್ನಿನಿಂದಲೇ ಅದರ ಹತ್ತಿಯ ವಯಸ್ಸು ಹೇಳಿ, ಯಾವ ಮೂಲೆಯಲ್ಲಿ ಯಾರು ಮೋಸ ಮಾಡಿದ್ದಾರೆ ಎಂದು ವಿವರಿಸಿ, ಮನೆಯವರ ನಿದ್ದೆಯನ್ನೂ ಕೆಡಿಸಿ ಬರುತ್ತಿದ್ದರು. ಅದಕ್ಕೇ ಅಂಗಡಿಯಲ್ಲಿದ್ದ ಹಾಸಿಗೆಗಳಲ್ಲಿ ಒಳ್ಳೆಯದನ್ನು ಆರಿಸಿ, ಮೂಲೆಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರಿನ ಚೀಟಿ ಹೊಲಿದಿದ್ದ ಹಾಗೆಯೇ ಸುರುಳಿ ಸುತ್ತಿ, ಲಾಡ್ಜಿನ ವಿಳಾಸಕ್ಕೆ ಮುಂಚಿತವಾಗಿ ಕಳಿಸಿಬಿಟ್ಟರು.

ದೊಡ್ಡ ಗಿರಾಕಿಗಳಿಗೆ ಸ್ಯಾಂಪಲ್ ಕಳಿಸುವುದೂ ಹೀಗೆಯೇ. ಒಂದನ್ನು ಮುಂದೆ ಕಳಿಸಿ, ವಾರ ಮಲಗಿ ನೋಡಿ, ಆಮೇಲೆ ಮಾತಾಡೋಣ ಎನ್ನುವುದು ಹಾಸಿಗೆ ವ್ಯಾಪಾರದ ಪದ್ಧತಿ. ಲಾಡ್ಜ್ ನಡೆಸುವ ಹೆಂಗಸಿಗೂ ಆ ಪದ್ಧತಿ ಗೊತ್ತಿತ್ತು.

"ನಿಮ್ಮ ಸ್ಯಾಂಪಲ್ ಬಂತು ಯಜಮಾನ್ರೇ," ಎಂದಿತು ಫೋನು. "ನಮ್ಮತ್ತೇನ ಮಲಗಿಸಿ ನೋಡಿದ್ವಿ. ಇನ್ನೂ ಎದ್ದಿಲ್ಲ."

ಯಜಮಾನರ ಎದೆ ಧಸಕ್ಕೆಂದಿತು. ಬಳಿಕ ತಿಳಿಯಿತು: ವರ್ಷಗಟ್ಟಲೆ ನಿದ್ದೆಯಿಲ್ಲದೆ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿದ್ದ ಮುದುಕಿ ಹೊತ್ತೇರಿದರೂ ಗೊರಕೆ ಹೊಡೆಯುತ್ತಿದ್ದರು. ಲಾಡ್ಜಿನ ಕೋಣೆಗಳಿಗೆಲ್ಲ ಇಂಥದ್ದೇ ಬೇಕು ಎಂದಳು ಸೊಸೆ. ಹೇಗೂ ಬರುತ್ತೀರಲ್ಲ, ಹತ್ತಿಯನ್ನೂ ತನ್ನಿ, ಇಲ್ಲೇ ಹೊಲಿಯಿರಿ, ಬಿಸಿಲಿಗಂತೂ ಬರವಿಲ್ಲ ಎಂದೂ ಸೇರಿಸಿದಳು. ಯಜಮಾನರ ತಲೆ ಯೋಚಿಸುವ ಮೊದಲೇ ಬಾಯಿ ಹೂಂ ಎಂದಿತ್ತು. ಗಿರಾಕಿಯ ಎದುರು ಆ ಬಾಯಿಗೆ ಬೇರೆ ಶಬ್ದ ಬಂದದ್ದೇ ಇಲ್ಲ.

ಅವರು ಕುಣಿಯುವುದೊಂದು ಬಾಕಿ. ಹೆಂಡತಿ ಬಟ್ಟೆ ಜೋಡಿಸುತ್ತಿದ್ದ ಚೀಲದೊಳಗೆ ದಬ್ಬಳದ ಡಬ್ಬಿ ತುರುಕಿದರು. ಹತ್ತಿ ಹಿಂಜುವ ಬಿಲ್ಲನ್ನು ಬಾಗಿಲಿಗೆ ತಂದು ಒರಗಿಸಿದರು. ಅಲ್ಲಿಯ ತಾರಸಿ ನಮ್ಮದಕ್ಕಿಂತ ದೊಡ್ಡದಂತೆ, ಒಂದೇ ಹೊತ್ತಿಗೆ ಎಷ್ಟು ಹತ್ತಿ ಒಣಗೀತು ನೋಡು ಎಂದರು.

ಆಕೆ ಬಿಲ್ಲನ್ನು ನೋಡಿದರು, ಗಂಡನನ್ನು ನೋಡಿದರು.

"ಹತ್ತಿ ತಿರುವೋಕೆ ಅಷ್ಟು ದೂರ ಯಾಕೆ? ನಮ್ಮ ತಾರಸೀನೇ ಸಾಕು ಬಿಡಿ."

ಅಷ್ಟು ಹೇಳಿ ಚೀಲದಿಂದ ಬಟ್ಟೆಗಳನ್ನು ಹೊರತೆಗೆದಿಟ್ಟು, ಕೋಲು ಹಿಡಿದು ಮೇಲೆ ಹೋದರು. ಬೈದಿದ್ದರೆ ಯಜಮಾನರು ಸುಧಾರಿಸಿಕೊಳ್ಳುತ್ತಿದ್ದರು. ಆದರೆ ಆ ದಿನ ತಾರಸಿಯ ಮೇಲೆ ಹತ್ತಿಯೇ ಇರಲಿಲ್ಲ. ಅದು ನೆನಪಾಗಿ ಅವರೂ ಮೆಟ್ಟಿಲು ಹತ್ತಿದರು. ಬರಿಯ ನೆಲದ ನಡುವೆ ಆಕೆ ನಿಂತಿದ್ದರು. ಕೂರಲು ಅರ್ಧ ಬಗ್ಗಿ, ಎತ್ತ ಮುಖ ಮಾಡಿ ಕೂರಬೇಕೆಂದು ತಿಳಿಯದೆ, ಮತ್ತೆ ನೆಟ್ಟಗಾದರು. ಕೈ ಕೋಲನ್ನು ಬಿಟ್ಟಿರಲಿಲ್ಲ.

ಯಜಮಾನರು ಸದ್ದಿಲ್ಲದೆ ಕೆಳಗಿಳಿದು ಫೋನು ಎತ್ತಿಕೊಂಡರು.

ಆಗುವುದಿಲ್ಲಮ್ಮ ಎಂದರು. ಬಲಿತ ವ್ಯಾಪಾರಿ ಬೇಡ ಎಂದರೆ ಯಾರು ನಂಬುತ್ತಾರೆ? ಲಾಡ್ಜಿನವಳು ದಿಂಬುಗಳೂ ಇರಲಿ ಎಂದಳು. ಇವರು ಪುರುಸೊತ್ತಿಲ್ಲ ಎಂದರು. ಅವಳು ಪಕ್ಕದ ಲಾಡ್ಜಿನದನ್ನೂ ಸೇರಿಸಿದಳು. ಇವರು ಹಿಂದೆ ಸರಿದಷ್ಟೂ ಆರ್ಡರು ಉಬ್ಬುತ್ತಾ ಹೋಯಿತು. ಹೀಗೇ ಬಿಟ್ಟರೆ ದ್ವೀಪದವರೆಲ್ಲ ತಮ್ಮ ಹಾಸಿಗೆಯ ಮೇಲೆಯೇ ಮಲಗಿಯಾರು ಎಂದು ಯಜಮಾನರಿಗೆ ಬೆವರೊಡೆಯಿತು. ಕೊನೆಗೆ, ಗಿರಾಕಿಯನ್ನು ಓಡಿಸುವ ಒಂದೇ ಒಂದು ಉಪಾಯಕ್ಕೆ ಕೈ ಹಾಕಿದರು.

"ನಿಜ ಹೇಳ್ತೀನಿ ಕೇಳಮ್ಮ. ಆ ಹಾಸಿಗೆ ಚೆನ್ನಾಗಿಲ್ಲ. ಹತ್ತಿ ಹಳೇದು, ಗಂಟು ಕಟ್ಟುತ್ತೆ. ಹೊಲಿಗೇನೂ ಅಷ್ಟೇ, ನಾಲ್ಕು ದಿನ ತಾಳಲ್ಲ."

ಹೋಗಲಿ, ಕೋಣೆಯಾದರೂ ಬೇಕೋ ಎಂದಳು ಅವಳು, ಒಣ ದನಿಯಲ್ಲಿ. ಬೇಕು ಎಂದು ಫೋನಿಟ್ಟು ಯಜಮಾನರು ತಿರುಗಿದರೆ, ಮೆಟ್ಟಿಲ ಮೇಲೆ ಹೆಂಡತಿ.

"ಹತ್ತಿ ನಿಮ್ಮದು, ಏನು ಬೇಕಾದ್ರೂ ಅನ್ಕೊಳ್ಳಿ," ಎಂದರು ಆಕೆ. "ನನ್ನ ಹೊಲಿಗೆ ಯಾಕೆ ಮಧ್ಯೆ ತಂದ್ರಿ?"

ಆರ್ಡರು ತಪ್ಪಿಸಲು ಹಾಗಂದೆ ಎಂದರು ಯಜಮಾನರು. ಗೊತ್ತು ಎಂದರು ಆಕೆ. ಗೊತ್ತಿದ್ದರೂ ಬಟ್ಟೆಗಳು ಚೀಲಕ್ಕೆ ಮರಳಿದ ರಭಸ ನೋಡಿದರೆ, ಅವಕ್ಕೆ ಪೆಟ್ಟಾಗಿರಬೇಕು. ದೋಣಿಯಲ್ಲಿ ದಾರಿಯುದ್ದಕ್ಕೂ ಆಕೆ ಮಾತಾಡಿದ್ದು ಪಕ್ಕದಲ್ಲಿ ಕೂತ ಅಪರಿಚಿತಳ ಜೊತೆ.

ಲಾಡ್ಜಿಗೆ ಕಾಲಿಟ್ಟ ಆಕೆ ಕೋಣೆ ಯಾವುದೆಂದು ಕೇಳಲಿಲ್ಲ, ಹಾಸಿಗೆ ಎಲ್ಲಿ ಎಂದು ಕೇಳಿದರು. ಅತ್ತೆಯಮ್ಮ ಅದರ ಮೇಲೆಯೇ ಒರಗಿದ್ದರು. ಆಕೆ ಅವರ ಕಾಲ ಬಳಿಯ ಅಂಚನ್ನು ಎತ್ತಿ ಲಾಡ್ಜಿನವಳ ಕೈಗೆ ಕೊಟ್ಟು, ಎಳೆಯಿರಿ ಎಂದರು. ಅವಳು ಮೆಲ್ಲನೆ ಎಳೆದಳು. ಜೋರಾಗಿ ಎಂದರು. ಅವಳು ಹಲ್ಲು ಕಚ್ಚಿ ಎಳೆದಳು. ಅತ್ತೆಯಮ್ಮ ಒಂದು ಮೊಳ ಜಾರಿದರೇ ಹೊರತು ಒಂದು ಹೊಲಿಗೆಯೂ ಅಲುಗಲಿಲ್ಲ. ಲಾಡ್ಜಿನವಳು ಯಜಮಾನರ ಕಡೆ ನೋಡಿದಳು. ಯಜಮಾನರು ಚಾವಣಿಯ ಫ್ಯಾನು ನೋಡುತ್ತಿದ್ದರು.

"ನಿಮಗೆ ಎಷ್ಟು ಬೇಕೋ ಊರಿಗೆ ಹೋಗಿ ಹೊಲಿದು ಕಳಿಸ್ತೀನಿ," ಎಂದರು ಆಕೆ. "ಈಗ ನಾನು ಕೂರೋಕೆ ಬಂದಿದ್ದೀನಿ."

ಹಾಗೆಂದವರೇ ಹೊರಗೆ ನಡೆದು, ಮರಳಿನ ಮೇಲೆ ಕಾಲು ಚಾಚಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಯಜಮಾನರು ಹಿಂದೆಯೇ ಹೋಗಿ, ಕೂರಲು ಹೇಳುತ್ತಾಳೋ ಇಲ್ಲವೋ ಎಂದು ಎದುರಿಗೆ ನಿಂತರು.

"ಬಿಸಿಲಿಗೆ ಅಡ್ಡ ನಿಂತಿದ್ದೀರಿ," ಎಂದರು ಆಕೆ. "ಈ ಕಡೆ ಬಂದು ಕೂತ್ಕೊಳ್ಳಿ."