ಉಳಿದ ತಟ್ಟೆಗಳ ಲೆಕ್ಕ

ಆಗ ನನಗೆ ಮೂವತ್ತೊಂಬತ್ತು. ಅದಾಗಿ ಈಗ ನಲವತ್ತು ವರ್ಷವಾಯಿತು. ನಮ್ಮೂರು ಕೋಗಿಲಿನಿಂದ ನಡೆದುಹೋಗಿ ಒಂದು ದೊಡ್ಡ ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದೆ. ಅಲ್ಲಿ ಸೀಟು ಸಿಗುವುದೇ ಕಷ್ಟ. ಸಿಕ್ಕಿದವರೆಲ್ಲ ಡಿಗ್ರಿ ಮುಗಿಸುತ್ತಾರೆ ಎಂದು ಜನ ತಿಳಿದಿದ್ದರು. ಸುಳ್ಳು. ಅವರ ತಟ್ಟೆ ತೊಳೆದವಳು ನಾನು.

ಸೇರಿದ ದಿನ ಪ್ರತಿ ಹುಡುಗಿಗೂ ನಂಬರು ಕೊರೆದ ಸ್ಟೀಲ್ ತಟ್ಟೆ ಕೊಡುತ್ತಿದ್ದೆವು. ಪಾಸಾದವಳು ಅದನ್ನು ಮನೆಗೆ ಒಯ್ಯಬಹುದು. ನಡುವೆ ಬಿಟ್ಟವಳು ಇಟ್ಟು ಹೋಗಬೇಕು. ಹೆಸರು ಬರೆಯುವಷ್ಟೇ ಓದು ನನ್ನದು. ನನಗೆ ಗೊತ್ತಿದ್ದ ಲೆಕ್ಕ, ವರ್ಷದ ಕೊನೆಗೆ ಎಷ್ಟು ತಟ್ಟೆ ಉಳಿದವು ಎಂಬುದು. ಪ್ರತಿ ವರ್ಷವೂ ಗೋಣಿಚೀಲ ತುಂಬುತ್ತಿತ್ತು.

ನನ್ನ ನಾದಿನಿ ಯಶವಂತಪುರದ ಕಡೆ ಅಂಥದೇ ಇನ್ನೊಂದು ಹಾಸ್ಟೆಲಿನಲ್ಲಿ ಅಡುಗೆಯವಳು. ಅಲ್ಲೂ ನಂಬರಿನ ತಟ್ಟೆಯೇ. ನನ್ನ ಮಗಳಿಗೆ ಎರಡೂ ಕಾಲೇಜಿನಲ್ಲಿ ಸೀಟು ಬಂದಾಗ ನಾದಿನಿಯನ್ನು ಕೇಳಿದೆ.

“ನಿಮ್ಮಲ್ಲಿ ಎಷ್ಟು ತಟ್ಟೆ ಉಳೀತವೆ?”

“ಒಂದೂ ಇಲ್ಲ ಕಣತ್ತಿಗೆ. ನಿಮ್ಮುಡ್ಗೀರು ನಿನ್ ಸಾರಿಗೆ ಎದ್ರ್ಕೊಂಡು ಓಡೋಯ್ತಾರೆ, ಅಷ್ಟೆ!” ಎಂದು ನಕ್ಕಳು.

ನಾನು ನಗಲಿಲ್ಲ. ಒಂದೂ ಉಳಿಯದಿದ್ದರೆ ಎಲ್ಲರೂ ಪಾಸು ಎಂದೇ ತಿಳಿದೆ.

ಮಗಳು ಒಪ್ಪಲಿಲ್ಲ. “ನಿನ್ ಕಾಲೇಜಿಗೇ ಸೇರ್ತೀನಮ್ಮ. ಮನೇಲೇ ಇದ್ಕೊಂಡು ಓದ್ಬೋದು. ಅಲ್ಲಿ ನಂಗ್ಯಾರು ಗೊತ್ತು?”

“ಗೊತ್ತಿರೋರು ಬಂದು ಪಾಸ್ ಮಾಡುಸ್ತಾರಾ? ಬಾಯ್ ಮುಚ್ಕೊಂಡು ಓಗು.”

ಹೋದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರ್ಥವಾಗದ್ದನ್ನು ಕೇಳಲು ಹೆದರಿದಳು. ಫೇಲು. ಮತ್ತೆ ಪರೀಕ್ಷೆ ಕಟ್ಟಿದಳು, ಮತ್ತೆ ಫೇಲು. ಕಾಲೇಜಿನಿಂದ ಹೆಸರು ತೆಗೆದರು. ಒಂದು ಸಂಜೆ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಅನ್ನುವ ಮೊದಲು ನಾನು ಕೇಳಿದ್ದು ತಟ್ಟೆಯ ವಿಷಯ.

“ತಟ್ಟೆ ಎಲ್ಲಿಟ್ಟೆ?”

“ಈಸ್ಕೊಂಡ್ರು. ನಂಬರ್ ಉಜ್ಜಿ ಹೊಸಬಳಿಗೆ ಕೊಡ್ತಾರೆ. ಅಲ್ಲಿ ಬಿಟ್ಟೋದೋರ ತಟ್ಟೆ ಎತ್ತಿಡಲ್ಲ. ನಂಗ್ ಕೊಟ್ಟಿದ್ದೂ ಯಾವಳೋ ಬಿಟ್ಟೋದೋಳ್ದೇ. ಹಳೇ ನಂಬರು ಮಸುಕಾಗಿ ಕಾಣ್ತಿತ್ತು.”

“ಮೊದ್ಲೇ ಯಾಕೇಳ್ಲಿಲ್ಲ?”

“ನೀನ್ ಕೇಳಿದ್ದೆಯಾ?”

ನಾದಿನಿ ಸುಳ್ಳು ಹೇಳಿರಲಿಲ್ಲ. ಬಿಟ್ಟು ಹೋಗುವ ಹುಡುಗಿಯರು ಎಷ್ಟು ಎಂದು ನಾನು ಕೇಳಿರಲೇ ಇಲ್ಲ. ಮಗಳು ಅಳಲಿಲ್ಲ. ತಪ್ಪು ನನ್ನದು ಎಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳನ್ನು ಎಬ್ಬಿಸಿ, ನನ್ನ ಜೊತೆ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಕರೆದುಕೊಂಡು ಹೋಗಿ, ಈರುಳ್ಳಿ ಹೆಚ್ಚಲು ಕೂರಿಸಿದೆ.